ಇಳಿಸಿದ ಶ್ರುತಿ

ಹಾಡುವವರ ಪಕ್ಕದಲ್ಲಿ ಕೂತು ಬಾರಿಸಿ ಬದುಕಬೇಕಾದವನು ಬೆರಳಿಗಿಂತ ಮೊದಲು ಮುಖವನ್ನು ಪಳಗಿಸಿಕೊಳ್ಳಬೇಕು ಎಂದು ಷಣ್ಮುಖಪ್ಪ ಹೇಳುತ್ತಿದ್ದ. ಹಾಡುವವರು ತಪ್ಪಿದಾಗ ಹಾರ್ಮೋನಿಯಂನವನು ಹುಬ್ಬು ಗಂಟಿಕ್ಕಿದರೆ ಮುಗಿಯಿತು, ತಪ್ಪು ಇಡೀ ಸಭೆಗೆ ಗೊತ್ತಾಗುತ್ತದೆ. ತಾನೇ ತಪ್ಪಿದವನ ಹಾಗೆ ಒಮ್ಮೆ ಕೆಮ್ಮಿ, ತಿದಿ ಸರಿಮಾಡಿಕೊಂಡಂತೆ ನಟಿಸಿ, ಅವರು ಎಲ್ಲಿ ಜಾರಿದ್ದಾರೋ ಅಲ್ಲಿಗೆ ತಾನೂ ಜಾರಿ, ಮೆಲ್ಲಗೆ ದಾರಿಗೆ ತರಬೇಕು. ಮಾರನೆಯ ದಿನ ಯಾರಾದರೂ ಕೇಳಿದರೆ ‘ಪೆಟ್ಟಿಗೆ ಸ್ವಲ್ಪ ಕೈಕೊಟ್ಟಿತು’ ಎಂದುಬಿಡಬೇಕು. ಪೆಟ್ಟಿಗೆಗೆ ಮಾನ ಅವಮಾನ ಇಲ್ಲ, ಮನುಷ್ಯರಿಗೆ ಇದೆ.

ಇಂಥ ಇನ್ನೂ ಕೆಲವು ಮಾತು ಅವನ ಹತ್ತಿರ ಇದ್ದವು. ಕರೆದ ಊರಿಗೆ ಒಂದು ತಾಸು ಮೊದಲೇ ಹೋಗಬೇಕು. ಹೊರಡುವ ಮೊದಲು ಮನೆಯಲ್ಲೇ ಉಂಡಿರಬೇಕು, ಯಾಕೆಂದರೆ ರಾಜಪಾರ್ಟಿನವನಿಗೆ ಬಡಿಸುವ ಗಲಾಟೆಯಲ್ಲಿ ಪಕ್ಕವಾದ್ಯದವರನ್ನು ಎಲೆಗೆ ಕರೆಯುವುದು ಎಲ್ಲರಿಗೂ ಮರೆತುಹೋಗುತ್ತದೆ. ಒಬ್ಬರ ಮನೆಯಲ್ಲಿ ಕೂತು ಇನ್ನೊಬ್ಬರ ಗಂಟಲಿನ ಸುದ್ದಿ ಎತ್ತಬಾರದು. ಇವನ್ನೆಲ್ಲ ಅವನು ಯಾವ ಗುರುವಿನ ಹತ್ತಿರವೂ ಕಲಿತದ್ದಲ್ಲ. ಹಸಿದು, ಬೈಸಿಕೊಂಡು, ಒಂದೆರಡು ಕಡೆ ಕೆಲಸ ಕಳೆದುಕೊಂಡು ಕಲಿತದ್ದು.

ಹಗಲು ಅವನು ಶಿವಮೊಗ್ಗದ ಗಾಂಧಿ ಬಜಾರಿನ ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದ. ನಾಟಕದ ಕರೆ ಬಂದಾಗ ಅಂಗಡಿಯ ಯಜಮಾನ ಶಿವಶಂಕರಪ್ಪ ಗೊಣಗಿಕೊಂಡೇ ರಜಾ ಕೊಡುತ್ತಿದ್ದ. ಕರೆ ಹೆಚ್ಚಾಗಿ ಬರುತ್ತಿದ್ದುದು ಭದ್ರಾವತಿಯಿಂದ. ಅಲ್ಲಿ ಕಾರ್ಖಾನೆಯ ಒಂದೊಂದು ಖಾತೆಯವರೂ ವರ್ಷಕ್ಕೊಂದು ನಾಟಕ ಆಡುವರು. ಫೌಂಡ್ರಿಯವರು ಪೌರಾಣಿಕ ಆಡಿದರೆ ಮಷೀನ್ ಶಾಪಿನವರು ಹಟಕ್ಕೆ ಬಿದ್ದು ಸಾಮಾಜಿಕ ಆಡುವರು. ಗಂಡು ಪಾತ್ರ ತಾವೇ ಹಾಕಿಕೊಂಡು, ಹೆಣ್ಣು ಪಾತ್ರಕ್ಕೂ ಪಕ್ಕವಾದ್ಯಕ್ಕೂ ಕಸುಬಿನವರನ್ನು ಗೊತ್ತು ಮಾಡುವರು. ಹೆಣ್ಣು ಪಾತ್ರಕ್ಕೆ ಜಯಶೀಲಾ, ಹಾರ್ಮೋನಿಯಂಗೆ ಷಣ್ಮುಖಪ್ಪ, ತಬಲಾಕ್ಕೆ ರಸೂಲ್ ಸಾಬ್. ಹದಿನೈದು ವರ್ಷದಿಂದ ಈ ಮೂರು ಹೆಸರು ಒಟ್ಟಿಗೇ ಬರುತ್ತಿದ್ದವು.

ಭದ್ರಾವತಿಯಲ್ಲಿ ರೇಡಿಯೋ ಕೇಂದ್ರ ಶುರುವಾದ ಮಾರನೆಯ ವರ್ಷದ ಮಾತು. ಒಂದು ಮಧ್ಯಾಹ್ನ ಜಯಶೀಲಾ ಬಿಸಿಲಲ್ಲೇ ಅಂಗಡಿಗೆ ಬಂದಳು. ನಲವತ್ತೆರಡು ದಾಟಿದ ಹೆಂಗಸು. ಯಾವುದೋ ನಾಟಕ ಕಂಪನಿಯ ಜೊತೆ ಈ ಊರಿಗೆ ಬಂದು, ಕಂಪನಿ ಇಲ್ಲೇ ಮುರಿದುಬಿದ್ದ ಮೇಲೆ ದುರ್ಗಿಗುಡಿಯ ಒಂದು ಓಣಿಯಲ್ಲಿ ಮನೆ ಮಾಡಿಕೊಂಡಿದ್ದಳು. ಕೈಯಲ್ಲೊಂದು ಕಾಗದ ಇತ್ತು.

“ಮೇಷ್ಟ್ರೇ, ಆ ಗಜಕೋಲು ಕೆಳಗಿಟ್ಟು ಇದನ್ನ ಓದಿ.”

“ಕನ್ನಡಕ ಮನೇಲಿದೆ. ನೀವೇ ಹೇಳಿ.”

“ರೇಡಿಯೋದವರು ಕರೆದಿದಾರೆ! ರಂಗಗೀತೆಗೆ ಪರೀಕ್ಷೆಯಂತೆ. ಇನ್ನು ಹದಿನೈದು ದಿನಕ್ಕೆ.” ಅವಳಿಗೆ ಉಸಿರು ಸಾಲುತ್ತಿರಲಿಲ್ಲ. “ಬಣ್ಣ ಇಲ್ಲ ಮೇಷ್ಟ್ರೇ. ಮುಖಕ್ಕೆ ಬಣ್ಣ ಇಲ್ಲ, ಸೊಂಟಕ್ಕೆ ಡಾಬು ಇಲ್ಲ, ಮುಂದಿನ ಸಾಲಲ್ಲಿ ಸೀಟಿ ಹೊಡೆಯೋರಿಲ್ಲ. ಚಾಪೆ ಮೇಲೆ ಕೂತು ಹಾಡೋದು. ಇಪ್ಪತ್ತೈದು ವರ್ಷದಲ್ಲಿ ಒಂದು ಸಲನಾದ್ರೂ ಕೂತು ಹಾಡಿದೀನಾ ನಾನು? ಎಲ್ಲಾ ನಿಂತೇ, ಕುಣೀತಾನೇ.”

“ಬಾಳ ಸಂತೋಷ ಜಯಶೀಲಮ್ಮ,” ಎಂದ ಷಣ್ಮುಖಪ್ಪ. ನಿಜವಾಗಿಯೂ ಸಂತೋಷವಾಗಿತ್ತು.

“ಒಂದೇ ಬೇಜಾರು. ಪೆಟ್ಟಿಗೆ ಒಳಗೆ ಬಿಡಲ್ವಂತೆ. ರೇಡಿಯೋದಲ್ಲಿ ಹಾರ್ಮೋನಿಯಂ ಕೂಡದು ಅಂತ ದೆಹಲಿಯಿಂದಲೇ ಕಟ್ಟಳೆಯಂತೆ. ಶ್ರುತಿಗೆ ಅವರದ್ದೇ ತಂಬೂರಿ. ತಬಲಾಕ್ಕೆ ರಸೂಲ್ ಸಾಬರು ಬರಬಹುದು. ನೀವು ಮನಸ್ಸಿಗೆ ಹಚ್ಚಿಕೋಬೇಡಿ. ಜೊತೆಗೆ ಬನ್ನಿ, ಹೊರಗೆ ಕೂತಿರಿ. ನೀವು ಇದೀರಿ ಅಂದ್ರೆ ನನಗೆ ಬಾಯಿ ಬರುತ್ತೆ.”

“ಅದಕ್ಕೇನಂತೆ, ಬರ್ತೀನಿ.”

“ಅರ್ಜೀಲಿ ಶ್ರುತಿ ಯಾವುದು ಅಂತ ಕೇಳಿದ್ರು. ಕರಿ ಐದು ಅಂತ ದಪ್ಪಕ್ಷರದಲ್ಲಿ ಬರೆದೆ. ಈ ವಯಸ್ಸಿಗೆ ಕರಿ ಐದರಲ್ಲಿ ಹಾಡೋ ಹೆಂಗಸು ಈ ಜಿಲ್ಲೇಲಿ ಇನ್ನೊಬ್ಬಳಿದ್ರೆ ತೋರಿಸಿ ನೋಡೋಣ!”

ಷಣ್ಮುಖಪ್ಪನ ಕತ್ತರಿ ಬಟ್ಟೆಯ ಮೇಲೆ ಸರ್ರನೆ ಹೋಯಿತು.

“ಷಣ್ಮುಖಾ!” ಎಂದು ಗಲ್ಲಾದಿಂದ ಶಿವಶಂಕರಪ್ಪ ಕೂಗಿದ. “ಎರಡೂವರೆ ಗಜ ಅಂದ್ರೆ ಮೂರು ಹರಿದಿದೀಯಲ್ಲೋ ಮಾರಾಯ! ಯಾವ ಲೋಕದಲ್ಲಿದೀಯಾ?”

ಜಯಶೀಲಾ ನಕ್ಕು, ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟುಹೋದಳು. ಷಣ್ಮುಖಪ್ಪ ಹರಿದ ಬಟ್ಟೆ ಹಿಡಿದುಕೊಂಡು ಹಾಗೇ ನಿಂತ.

ಅವಳು ಕರಿ ಐದರಲ್ಲಿ ಹಾಡದೆ ಒಂಬತ್ತು ವರ್ಷವಾಗಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ.

ನಾಟಕದವರು ಶ್ರುತಿ ಹೇಳುವುದು ಹಾರ್ಮೋನಿಯಂನ ಕರಿ ಮನೆ, ಬಿಳಿ ಮನೆ ಎಣಿಸಿ. ಕರಿ ಐದು ಎತ್ತರದ ಶ್ರುತಿ. ಎಳೆಯ ಗಂಟಲಿಗೆ ಅದು ಆಟ, ವಯಸ್ಸಾದ ಗಂಟಲಿಗೆ ಏಣಿ. ಒಂಬತ್ತು ವರ್ಷದ ಹಿಂದೆ ಜಯಶೀಲಾ ವಿಷಮಶೀತ ಜ್ವರದಿಂದ ಎದ್ದು, ಪಥ್ಯ ಮುಗಿಯುವ ಮೊದಲೇ ಆಯನೂರಿನಲ್ಲೊಂದು ನಾಟಕ ಒಪ್ಪಿಕೊಂಡಿದ್ದಳು. ಮೊದಲ ಅಂಕದಲ್ಲಿ ಮೇಲಿನ ಸ್ವರ ಮುಟ್ಟಲು ಹೋಗಿ ಎರಡು ಸಲ ದನಿ ಒಡೆಯಿತು. ಷಣ್ಮುಖಪ್ಪ ಕೆಮ್ಮಿದ, ತಿದಿ ಸರಿಮಾಡಿಕೊಂಡ, ಎಲ್ಲ ಮಾಡಿದ. ಪರದೆ ಬಿದ್ದಾಗ ಮಾತ್ರ ಯಾರಿಗೂ ಹೇಳದೆ ಒಂದು ಕೆಲಸ ಮಾಡಿದ. ಅವನದು ಕೀಲಿಮಣೆ ಸರಿಸುವಂಥ ಪೆಟ್ಟಿಗೆ. ಪಕ್ಕದ ಹಿತ್ತಾಳೆ ಗುಬುಟು ಹಿಡಿದು ಮಣೆಯನ್ನು ಎಡಕ್ಕೆ ಒಂದು ಮನೆ ತಳ್ಳಿದರೆ, ಬೆರಳು ಕರಿ ಐದರ ಮೇಲೇ ಇದ್ದರೂ ನಾದ ಒಂದು ಮೆಟ್ಟಿಲು ಕೆಳಗೆ ಬರುತ್ತದೆ. ತಳ್ಳಿದ. ರಸೂಲ್ ಸಾಬ್ ಹೊಸ ನಾದ ಕೇಳಿ ಒಂದು ಕ್ಷಣ ಇವನ ಮುಖ ನೋಡಿ, ತುಟಿಪಿಟಕ್ಕೆನ್ನದೆ ಸುತ್ತಿಗೆ ತೆಗೆದು ತಬಲಾವನ್ನೂ ಇಳಿಸಿದ. ಎರಡನೆಯ ಅಂಕದಲ್ಲಿ ಜಯಶೀಲಾ ಹಾಡಿದ ಹಾಡಿಗೆ ಜನ ಎದ್ದು ಕೂಗಿದರು. ಒಳಗೆ ಬಂದವಳು, “ಆಗ ಎಲ್ಲಿ ಸತ್ತಿತ್ತೋ ಗಂಟಲು, ಈಗ ನೋಡಿ ಮೇಷ್ಟ್ರೇ, ಹೂವಿನ ಹಾಗೆ ಹಗುರ!” ಎಂದು ಮಗುವಿನ ಹಾಗೆ ಕಣ್ಣರಳಿಸಿದಳು.

ಆ ಕಣ್ಣು ನೋಡಿದ ಮೇಲೆ ಹೇಳುವುದು ಹೇಗೆ? ಮಣೆಯನ್ನು ಮತ್ತೆ ಬಲಕ್ಕೆ ತಳ್ಳಲೂ ಇಲ್ಲ. ನಾಲ್ಕು ವರ್ಷದ ಹಿಂದೆ ಇನ್ನೊಂದು ಮನೆ ಎಡಕ್ಕೆ ಹೋಯಿತು. ನಡುವಿನ ಬಿಳಿ ಮನೆ ದಾಟಿ ಈಗ ಅವಳು ಹಾಡುತ್ತಿದ್ದುದು ಕರಿ ನಾಲ್ಕರಲ್ಲಿ. ರೇಡಿಯೋದ ತಂಬೂರಿಗೆ ಮಾತ್ರ ಸರಿಸುವ ಮಣೆ ಇರುವುದಿಲ್ಲ. ಅವಳು ಕರಿ ಐದು ಎಂದರೆ ಅವರು ಕರಿ ಐದಕ್ಕೇ ಬಿಗಿಯುತ್ತಾರೆ. ಹೇಳದಿದ್ದರೆ ಅವಳು ಮೈಕಿನ ಮುಂದೆ ಒಡೆದುಹೋಗುತ್ತಾಳೆ. ಹೇಳಿದರೆ ಇವತ್ತೇ.

ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಭದ್ರಾವತಿಗೆ ಹೋದ. ಹಳೇನಗರದಲ್ಲಿ ರಸೂಲ್ ಸಾಬನ ಸೈಕಲ್ ಶಾಪು, ಹಿಂದೆಯೇ ಮನೆ. ರಸೂಲ್ ಒಂದು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಿದ್ದ. ಅವನ ಹೆಂಡತಿ ಅಖ್ತರ್ ಬೀ ಬಾಗಿಲ ಬೆಳಕಿಗೆ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಷಣ್ಮುಖಪ್ಪ ಎಲ್ಲವನ್ನೂ ಹೇಳಿದ.

“ಅರೇ, ಇದಕ್ಯಾಕೆ ಇಷ್ಟು ಮುಖ ಬಾಡಿಸಿಕೊಂಡಿದೀರಿ ಭಾಯಿ?” ಎಂದ ರಸೂಲ್. “ತಂಬೂರಿಯವನು ಯಾರೋ ಇರ್ತಾನಲ್ಲ, ಮೊದಲೇ ಹೋಗಿ ಅವನ ಕಿವೀಲಿ ಒಂದು ಮಾತು ಹಾಕೋಣ. ಅಮ್ಮ ಕರಿ ಐದು ಅಂತಾರೆ, ನೀನು ಹ್ಞೂಂ ಅಂದು ಕರಿ ನಾಲ್ಕಕ್ಕೆ ಇಡಪ್ಪಾ ಅಂತ. ನಾನು ತಬಲಾ ಮನೆಯಿಂದಲೇ ನಾಲ್ಕಕ್ಕೆ ಬಡಿದು ತರ್ತೀನಿ. ಖತಂ.”

ಷಣ್ಮುಖಪ್ಪನ ಎದೆ ಹಗುರಾಯಿತು. ಇದು ತನಗ್ಯಾಕೆ ಹೊಳೆಯಲಿಲ್ಲ ಎಂದುಕೊಂಡ. ಅಷ್ಟರಲ್ಲಿ ಹೊಲಿಗೆ ಯಂತ್ರ ನಿಂತಿತು.

“ಪಾಸಾದ್ಮೇಲೆ?” ಎಂದಳು ಅಖ್ತರ್ ಬೀ.

“ಪಾಸಾದ್ಮೇಲೆ ಏನು?”

“ರೇಡಿಯೋದವರು ತಿಂಗಳಿಗೊಂದು ಸಲ ಕರೀತಾರೆ. ಪ್ರತಿ ಸಲಾನೂ ಹೋಗಿ ತಂಬೂರಿಯವನ ಕಿವಿ ಕಚ್ತೀರಾ? ಅವನು ರಜಾ ಹಾಕಿದ್ರೆ? ಅವನೇ ಒಂದಿನ ಹತ್ತು ಜನರ ಮುಂದೆ ಬಾಯಿ ಬಿಟ್ರೆ?”

“ಲೇ, ಇದು ಸಂಗೀತ. ನಿನಗೆ ಗೊತ್ತಾಗಲ್ಲ.”

“ಹೌದೌದು, ನಾನು ಹೊಲಿಯೋದು ಗೋಣಿಚೀಲ.” ಅವಳು ಹಲ್ಲಿನಲ್ಲಿ ದಾರ ಕಡಿದಳು. “ಆಫೀಸರ ಹೆಂಡತೀರು ಬರ್ತಾರಣ್ಣಾ. ನನ್ನ ಅಳತೆ ಮೂವತ್ತಾರು ಅಂತಾರೆ. ನಾನು ಟೇಪ್ ಹಿಡಿದು ನಲವತ್ತು ಅಂತೀನಿ. ಮುಖ ಊದಿಸಿಕೋತಾರೆ, ಇನ್ನೊಬ್ಬಳ ಹತ್ರ ಹೋಗ್ತೀನಿ ಅಂತಾರೆ. ಆದ್ರೆ ಮದುವೆ ಮನೇಲಿ ಬಗ್ಗಿ ಏಳೋವಾಗ ಹೊಲಿಗೆ ಬಿಡಲ್ಲ ನೋಡಿ, ಆಗ ನನ್ನ ನೆನೆಸಿಕೋತಾರೆ. ನೀವೂ ಅಂಗಡೀಲಿ ಅಳೆಯೋರೇ. ಅಲ್ಲಿ ಒಂದಿಂಚು ಮೋಸ ಮಾಡಿದೀರಾ?”

“ಇಲ್ಲಮ್ಮ.”

“ಮತ್ತೆ ಪಾಪ, ಆ ಅಮ್ಮನಿಗೆ ಮಾತ್ರ ಯಾಕೆ?”

“ಅವಳ ಮನಸ್ಸು ನೋಯುತ್ತೆ ಅಂತ.”

“ನೋಯುತ್ತೆ,” ಎಂದಳು ಅಖ್ತರ್ ಬೀ. “ಮನೇಲಿ ನೊಂದರೆ ಮನೆಯಲ್ಲೇ ಮುಗಿಯುತ್ತೆ.” ಯಂತ್ರ ಮತ್ತೆ ಗಿರಗುಟ್ಟಿತು. ರಸೂಲ್ ಟ್ಯೂಬನ್ನು ಮತ್ತೆ ಬೋಗುಣಿಯಲ್ಲಿ ಮುಳುಗಿಸಿದ. ಒಳಗಿಂದ ಚಹಾ ಬಂತು. ಆ ವಿಷಯ ಮತ್ತೆ ಯಾರೂ ಎತ್ತಲಿಲ್ಲ, ಎತ್ತುವಂಥದ್ದೇನೂ ಉಳಿದಿರಲಿಲ್ಲ.

ಮಾರನೆಯ ಸಂಜೆ ಅಂಗಡಿಯಿಂದ ಬೇಗ ಬಿಡಿಸಿಕೊಂಡು, ಪೆಟ್ಟಿಗೆಯನ್ನು ಜಟಕಾದಲ್ಲಿ ಹಾಕಿಕೊಂಡು ಷಣ್ಮುಖಪ್ಪ ದುರ್ಗಿಗುಡಿಗೆ ಹೋದ. ದಾರಿಯಲ್ಲಿ ಹೇಳಬೇಕಾದ ಮಾತನ್ನು ಹತ್ತು ಬಗೆಯಲ್ಲಿ ಜೋಡಿಸಿದ. ಮನೆ ಮುಟ್ಟುವ ಹೊತ್ತಿಗೆ ಒಂದೂ ನೆನಪಿರಲಿಲ್ಲ.

ಜಯಶೀಲಾ ಚಾಪೆ ಹಾಸಿ, ಅದರ ಮೇಲೆ ಕೂತು, ಸೆರಗು ಹೊದ್ದುಕೊಂಡು ಅಭ್ಯಾಸ ಮಾಡುತ್ತಿದ್ದಳು. ಹಾಡಿನ ಅಭ್ಯಾಸವಲ್ಲ, ಕೂರುವ ಅಭ್ಯಾಸ. ಪಕ್ಕದ ಮನೆಯ ಭವಾನಿ ಎದುರಿಗೆ ನಿಂತು, “ಬೆನ್ನು ನೆಟ್ಟಗೆ, ಕೈ ಆಡಿಸಬೇಡ್ರೀ, ಇದು ನಾಟಕ ಅಲ್ಲ!” ಎಂದು ಗದರಿಸುತ್ತಿದ್ದಳು. ಇವನು ಬಂದದ್ದು ನೋಡಿ ನಗುತ್ತಾ ಹೊರಟುಹೋದಳು.

“ಬನ್ನಿ ಮೇಷ್ಟ್ರೇ, ಶ್ರುತಿ ಕೊಡಿ. ಒಂದು ಸಲ ಪೂರ್ತಿ ಹಾಡಿಬಿಡ್ತೀನಿ.”

ಷಣ್ಮುಖಪ್ಪ ಪೆಟ್ಟಿಗೆ ಬಿಚ್ಚಿದ. ಹಿತ್ತಾಳೆ ಗುಬುಟು ಹಿಡಿದು ಮಣೆಯನ್ನು ಬಲಕ್ಕೆ ಎರಡು ಮನೆ ತಳ್ಳಿದ. ಒಂಬತ್ತು ವರ್ಷದಿಂದ ಆ ಜಾಗಕ್ಕೆ ಹೋಗದ ಮಣೆ ಕಿರ್ರೆಂದು ನಿಂತಿತು. ಕರಿ ಐದು ಒತ್ತಿದ. ಕರಿ ಐದೇ ನುಡಿಯಿತು.

ಜಯಶೀಲಾ ಹುಬ್ಬೇರಿಸಿದಳು. ಆದರೂ ಎತ್ತಿಕೊಂಡಳು. ಪಲ್ಲವಿ ಹೇಗೋ ದಾಟಿತು. ಅನುಪಲ್ಲವಿಯಲ್ಲಿ ಮೇಲಕ್ಕೆ ಹೋಗುವ ಜಾಗದಲ್ಲಿ ದನಿ ಬಿರಿದು, ಎರಡಾಗಿ, ನಿಂತೇಹೋಯಿತು. ಗಂಟಲು ಸರಿಮಾಡಿಕೊಂಡು ಇನ್ನೊಂದು ಸಲ ಹೋದಳು. ಅಲ್ಲೇ ನಿಂತಿತು.

“ಪೆಟ್ಟಿಗೆ ಏನಾದ್ರೂ ಕೆಟ್ಟಿದೆಯಾ ಮೇಷ್ಟ್ರೇ?”

ಹದಿನೈದು ವರ್ಷದಿಂದ ಅವಳು ಆ ಪ್ರಶ್ನೆ ಕೇಳಿದಾಗಲೆಲ್ಲ ಅವನ ಬಾಯಲ್ಲಿ ಉತ್ತರ ಸಿದ್ಧವಾಗಿರುತ್ತಿತ್ತು. ಈಗಲೂ ಅದು ನಾಲಿಗೆಯ ತುದಿಗೆ ಬಂತು. ಹೌದು ಎಂದರೆ ಅವಳ ಮುಖ ಅರಳುತ್ತಿತ್ತು.

“ಪೆಟ್ಟಿಗೆ ಸರಿಯಾಗಿದೆ ಜಯಶೀಲಮ್ಮ,” ಎಂದ.

ಆಮೇಲೆ ತಲೆಯೆತ್ತದೆ ಎಲ್ಲವನ್ನೂ ಹೇಳಿದ. ಗುಬುಟು ಹಿಡಿದು ಮಣೆ ಎಡಕ್ಕೂ ಬಲಕ್ಕೂ ಸರಿಸಿ ತೋರಿಸಿದ. ಆಯನೂರು, ಜ್ವರ, ಮೊದಲ ಮನೆ, ಎರಡನೆಯ ಮನೆ. ಹೇಳಿ ಮುಗಿದ ಮೇಲೆ ಅವಳು ಗುಬುಟನ್ನು ತಾನೇ ಒಮ್ಮೆ ಸರಿಸಿ ನೋಡಿದಳು.

“ರಸೂಲ್ ಸಾಬರಿಗೆ ಗೊತ್ತಿತ್ತಾ?”

“ತಬಲಾ ಇಳಿಸಬೇಕಲ್ಲ.”

“ಇನ್ಯಾರಿಗೆ?”

“ನೆನ್ನೆ ಅಖ್ತರ್ ಬೀಗೆ.”

“ಅಂದ್ರೆ ನಾಟಕದಲ್ಲಿ ಎಲ್ಲರಿಗೂ ಕಥೆ ಗೊತ್ತು. ನಾಯಕಿಗೆ ಮಾತ್ರ ಗೊತ್ತಿಲ್ಲ.” ಅವಳ ದನಿ ಏರಲಿಲ್ಲ; ಏರಿದ್ದರೆ ಅವನಿಗೆ ಸಲೀಸಾಗುತ್ತಿತ್ತು. “ಬಜಾರಲ್ಲಿ ನಿಂತು ಕರಿ ಐದು, ಕರಿ ಐದು ಅಂತ ಮೆರೆದೆನಲ್ಲ. ಹೊಸ ಹುಡುಗೀರಿಗೆಲ್ಲ ಬುದ್ಧಿ ಹೇಳಿದೆನಲ್ಲ, ಗಂಟಲು ನನ್ನ ಹಾಗೆ ಕಾಪಾಡಿಕೊಳ್ರೇ ಅಂತ. ನೀವು ಪಕ್ಕದಲ್ಲೇ ಕೂತು ತಲೆ ಆಡಿಸ್ತಿದ್ರಿ.”

“ನಿಮಗೆ ನೋವಾಗಬಾರದು ಅಂತ—”

“ಒಂಬತ್ತು ವರ್ಷ ನನ್ನ ಗಂಟಲಿನ ಯಜಮಾನಿಕೆ ನೀವು ಮಾಡಿದ್ರಿ ಮೇಷ್ಟ್ರೇ. ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ಲ.”

ಮುಖ ಪಳಗಿಸಿಕೊಂಡವನಿಗೂ ಆ ಹೊತ್ತಿನಲ್ಲಿ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಎದ್ದು ಪೆಟ್ಟಿಗೆ ಮುಚ್ಚಲು ಹೋದ.

“ಅದು ಇಲ್ಲೇ ಇರಲಿ,” ಎಂದಳು. “ನೀವು ಹೋಗಿ.”

ಪೆಟ್ಟಿಗೆ ಬಿಟ್ಟು ಷಣ್ಮುಖಪ್ಪ ಬರಿಗೈಯಲ್ಲಿ ಮನೆಗೆ ನಡೆದ.

ಒಂದು ವಾರ ಕಳೆಯಿತು, ಹತ್ತು ದಿನ ಕಳೆಯಿತು. ದುರ್ಗಿಗುಡಿಯಿಂದ ಸುದ್ದಿಯಿಲ್ಲ. ನಡುವೆ ಒಪ್ಪಿಕೊಂಡಿದ್ದ ಒಂದು ಹರಿಕಥೆಗೆ ಅವನು ಶಾಲೆಯೊಂದರ ಪೆಟ್ಟಿಗೆ ಕಡ ತಂದ. ಅದರ ತಿದಿ ಇಲಿ ಕಚ್ಚಿದ್ದರಿಂದ ನಾದಕ್ಕಿಂತ ಉಸಿರೇ ಹೆಚ್ಚು ಕೇಳುತ್ತಿತ್ತು. “ಏನು ಮೇಷ್ಟ್ರೇ, ಪೆಟ್ಟಿಗೆಗೆ ದಮ್ಮು ಬಂದಿದೆಯೇ?” ಎಂದು ದಾಸರು ಸಭೆಯಲ್ಲೇ ನಗೆಯಾಡಿದರು. ಎಲ್ಲರೂ ನಕ್ಕರು, ಅವನೂ ನಕ್ಕ. ಅಂಗಡಿಯಲ್ಲಿ ಗಜಕೋಲು ಹಿಡಿದಾಗ ಮಾತ್ರ ಸುಮ್ಮಸುಮ್ಮನೆ ಎರಡೆರಡು ಸಲ ಅಳೆಯುತ್ತಿದ್ದ. ಅವಳು ಪರೀಕ್ಷೆಗೆ ಹೋಗದೇ ಇದ್ದುಬಿಟ್ಟರೆ? ಅಥವಾ ಹಟ ಹಿಡಿದು ಕರಿ ಐದಕ್ಕೇ ಹೋದರೆ? ಅವಳ ಹಟ ಅವನಿಗೆ ಗೊತ್ತಿತ್ತು. ಜ್ವರದಿಂದ ಎದ್ದು ಆಯನೂರಿಗೆ ಹೋದವಳಲ್ಲವೇ.

ಪರೀಕ್ಷೆಯ ಹಿಂದಿನ ದಿನ ಭವಾನಿ ಅಂಗಡಿಗೆ ಬಂದು, ಬಾಗಿಲಲ್ಲೇ ನಿಂತು, “ನಾಳೆ ಎಂಟು ಗಂಟೆ ಬಸ್ಸಿಗೆ ಬರಬೇಕಂತೆ,” ಎಂದಳು.

“ಯಾವ ಶ್ರುತಿ ಅಂತ ಏನಾದ್ರೂ—”

“ನನಗೇನು ಗೊತ್ತು ಮಾರಾಯ್ರೇ? ಹತ್ತು ದಿನದಿಂದ ಬಾಗಿಲು ಹಾಕಿಕೊಂಡು ಪೆಟ್ಟಿಗೆ ಕುಯ್ಯೋ ಕುಯ್ಯೋ ಅನ್ನಿಸ್ತಿದಾರೆ. ನನ್ನನ್ನೂ ಒಳಗೆ ಬಿಟ್ಟಿಲ್ಲ.”

ಬಸ್ಸಿನಲ್ಲಿ ಜಯಶೀಲಾ ಮುಂದಿನ ಹೆಂಗಸರ ಸೀಟಿನಲ್ಲಿ ಕೂತಳು. ತೆಳು ಅಂಚಿನ ಬಿಳಿ ಸೀರೆ, ಹಣೆಗೆ ಚಿಕ್ಕ ಕುಂಕುಮ. ಇವನು ಹಿಂದೆ ಕೂತ. ಮಾಚೇನಹಳ್ಳಿ ದಾಟಿತು, ಕಾರ್ಖಾನೆಯ ಚಿಮಣಿ ಕಂಡಿತು. ಅವಳು ಒಂದು ಸಲವೂ ತಿರುಗಲಿಲ್ಲ. ಇಳಿದಾಗ ರಸೂಲ್ ಸಾಬ್ ತಬಲಾದ ಗಂಟು ಹೆಗಲಿಗೆ ಹಾಕಿಕೊಂಡು, ಇಸ್ತ್ರಿಯ ಶೇರ್ವಾನಿ ತೊಟ್ಟು ನಿಂತಿದ್ದ. “ಸಲಾಂ ಅಮ್ಮ,” ಎಂದ. ಅವಳು, “ನಿಮ್ಮ ಜೊತೆ ಆಮೇಲೆ ಮಾತಾಡ್ತೀನಿ,” ಎಂದಳು. ರಸೂಲ್ ಷಣ್ಮುಖಪ್ಪನ ಕಡೆ ನೋಡಿ ಮೆಲ್ಲಗೆ ಕಿವಿ ಹಿಡಿದುಕೊಂಡ.

ರೇಡಿಯೋ ಕೇಂದ್ರದ ಒಳಗೆ ಆಸ್ಪತ್ರೆಯಂಥ ಮೌನ. ಹಾಡುವ ಕೋಣೆಯ ಬಾಗಿಲು ಮೊಳದಪ್ಪ. ನಡುವೆ ಅಂಗೈಯಗಲದ ಗಾಜು. ಬಾಗಿಲು ತೆರೆದೇ ಇತ್ತು. ಷಣ್ಮುಖಪ್ಪ ಹೊರಗಿನ ಬೆಂಚಿನ ಮೇಲೆ ಕೂತ. ಒಳಗೆ ತಂಬೂರಿಯವನು ಅರ್ಜಿ ನೋಡಿಕೊಂಡು ಬಿರಡೆಗೆ ಕೈ ಹಾಕಿದ.

“ಕರಿ ಐದು ಅಂತ ಇದೆ. ಹೌದೇನಮ್ಮ?”

ಷಣ್ಮುಖಪ್ಪ ಬೆಂಚಿನ ಅಂಚಿಗೆ ಸರಿದ.

“ಅದು ಹಳೇ ಮಾತು ಸ್ವಾಮಿ, ತಿದ್ದಿಬಿಡಿ,” ಎಂದಳು ಜಯಶೀಲಾ. “ಕರಿ ಮೂರು.”

ರಸೂಲ್ ಸಾಬನ ತಲೆ ಥಟ್ಟನೆ ಮೇಲಕ್ಕೆ ಬಂತು. ಅವನು ತಬಲಾವನ್ನು ಕರಿ ನಾಲ್ಕಕ್ಕೆ ಬಡಿದು ತಂದಿದ್ದ. ಕರಿ ಮೂರು ಅದಕ್ಕಿಂತ ಇನ್ನೂ ಎರಡು ಮೆಟ್ಟಿಲು ಕೆಳಗೆ. ತೆರೆದ ಬಾಗಿಲಿನಿಂದ ಇವನ ಕಡೆ ನೋಡಿದ. ಇವನಿಗೂ ಏನೂ ತಿಳಿಯಲಿಲ್ಲ. ರಸೂಲ್ ಸುತ್ತಿಗೆ ತೆಗೆದು ಟಕಟಕ ಇಳಿಸತೊಡಗಿದ. ಜವಾನ ಬಂದು ಬಾಗಿಲು ಎಳೆದುಕೊಂಡ. ಸುತ್ತಿಗೆಯ ಸದ್ದು ಕತ್ತರಿಸಿದಂತೆ ನಿಂತಿತು.

ಮೇಲೆ ಕೆಂಪು ದೀಪ ಹತ್ತಿತು. ಷಣ್ಮುಖಪ್ಪ ತಡೆಯಲಾರದೆ ಎದ್ದು ಗಾಜಿಗೆ ಮುಖ ಒತ್ತಿದ. ಅವಳ ತುಟಿ ಅಲ್ಲಾಡುತ್ತಿತ್ತು, ಒಂದು ಸ್ವರವೂ ಕೇಳಿಸುತ್ತಿರಲಿಲ್ಲ. ಹದಿನೈದು ವರ್ಷದಲ್ಲಿ ಅವಳು ಹಾಡುವುದನ್ನು ಅವನು ಕೇಳದೆ ಬರೀ ನೋಡಿದ್ದು ಇದೇ ಮೊದಲು. ಕೇಳಿಸದೇ ಇದ್ದುದರಿಂದಲೇ ಏನೋ, ಕಾಣಿಸಿತು. ಮೇಲಿನ ಜಾಗ ಬಂದಾಗ ಅವಳು ಯಾವಾಗಲೂ ಹೆಗಲು ಎತ್ತಿ ಗದ್ದವನ್ನು ಮುಂದೆ ತಳ್ಳುತ್ತಿದ್ದಳು. ಅದು ಅವಳ ಹಾಡುವ ರೀತಿ ಎಂದೇ ಎಲ್ಲರೂ ತಿಳಿದಿದ್ದರು. ಹೊಸ ಹುಡುಗಿಯರು ಅದನ್ನು ಅನುಕರಿಸುತ್ತಲೂ ಇದ್ದರು. ಈಗ ಹೆಗಲು ಏಳಲಿಲ್ಲ. ಕತ್ತಿನ ನರ ಉಬ್ಬಲಿಲ್ಲ. ಅವಳ ಕಣ್ಣು ಅರ್ಧ ಮುಚ್ಚಿತ್ತು, ಕೈ ತೊಡೆಯ ಮೇಲೆ ಸುಮ್ಮನಿತ್ತು. ಎದುರಿಗೆ ರಸೂಲ್ ಸಾಬ್ ಬಾರಿಸುತ್ತಾ ಬಾರಿಸುತ್ತಾ ಬಾಯಿ ತೆರೆದುಕೊಂಡು ಅವಳನ್ನೇ ನೋಡುತ್ತಿದ್ದ.

ಕರಿ ನಾಲ್ಕರಲ್ಲೂ ಅವಳು ಏಣಿಯ ಮೇಲೇ ನಿಂತಿದ್ದಳು. ಅದು ಇವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಇನ್ನೊಂದು ಮನೆ ಸರಿಸಿದರೆ ಅವಳಿಗೆ ತಿಳಿದುಬಿಡುತ್ತದೆ ಎಂಬ ಹೆದರಿಕೆಯಿಂದ ಅಲ್ಲಿಗೇ ನಿಲ್ಲಿಸಿದ್ದ. ಅವಳ ಮಾನ ಕಾಯುತ್ತೇನೆ ಎಂದುಕೊಂಡು ತನ್ನ ಗುಟ್ಟು ಕಾದಿದ್ದ. ಅವಳನ್ನೇ ಒಂದು ಮಾತು ಕೇಳಿದ್ದರೆ ಒಂಬತ್ತು ವರ್ಷ ಅವಳು ಹೀಗೆ, ಹೆಗಲು ಇಳಿಸಿಕೊಂಡು ಹಾಡಬಹುದಿತ್ತು. ಗಾಜಿನ ಮೇಲೆ ಅವನ ಉಸಿರು ಮಂಜುಗಟ್ಟಿತು. ಪಂಚೆಯ ಚುಂಗಿನಿಂದ ಒರೆಸಿ ಮತ್ತೆ ನೋಡಿದ.

ಹೊರಗೆ ಬಂದಾಗ ಅಧಿಕಾರಿಯೊಬ್ಬರು, “ಕಾಗದ ಬರೀತೀವಮ್ಮ,” ಎಂದರು. ಅಷ್ಟೇ. ಪಾಸಾದ ಕಾಗದ ಬರಲು ಇನ್ನೂ ಎರಡು ತಿಂಗಳು ಹಿಡಿಯಿತು. ಅವತ್ತು ಮಾತ್ರ ಅದು ಯಾರಿಗೂ ಬೇಕಾಗಿರಲಿಲ್ಲ.

“ಹಸಿವು,” ಎಂದಳು ಜಯಶೀಲಾ.

ಬಸ್ಸು ನಿಲ್ಲುವ ಜಾಗದ ಎದುರಿನ ಹೋಟೆಲಿನಲ್ಲಿ ಮೂವರೂ ಕೂತರು. ಬೆಳಗಿನ ಪಾಳಿಯವರು ಇನ್ನೂ ಬಿಟ್ಟಿರಲಿಲ್ಲ, ಮೇಜುಗಳು ಖಾಲಿ. ತಮಿಳಿನ ಮಾಣಿ ಬಂದು, “ಎನ್ನಮ್ಮಾ ವೇಣುಂ? ದೋಸೆ ಇದೆ, ಪೂರಿ ಆಗೋಯ್ತು,” ಎಂದ. ದೋಸೆ ಬಂತು. ಜಯಶೀಲಾ ಅರ್ಧ ದೋಸೆ ತಿಂದ ಮೇಲೆ ತಲೆಯೆತ್ತಿದಳು.

“ಒಂದೊಂದೇ ಮನೆ ಸರಿಸಿದೆ. ಐದರಲ್ಲಿ ಎರಡು ದಿನ ಹೊಡೆದಾಡಿದೆ, ನಿಮ್ಮ ಮೇಲಿನ ಸಿಟ್ಟಿಗೆ. ಆಮೇಲೆ ನಾಲ್ಕಕ್ಕೆ ಬಂದೆ. ಅಲ್ಲಿ ಹಾಡೋಕೆ ಬರುತ್ತೆ, ಆದ್ರೆ ಒಂದು ಗಂಟೆ ಆದ್ಮೇಲೆ ಗಂಟಲು ಉರಿಯುತ್ತೆ. ಇದು ದಿನಾ ಉರಿಯೋದೇ ಅಲ್ವಾ, ನಾಟಕ ಅಂದ್ರೆ ಹೀಗೇ ಅಲ್ವಾ ಅಂದ್ಕೊಂಡಿದ್ದೆ ಇಷ್ಟು ವರ್ಷ. ಮೂರಕ್ಕೆ ಬಂದಾಗ...” ಮಾತು ಹುಡುಕಿದಳು. “ಬೇರೆ ಯಾರೋ ಹಾಡ್ತಿದಾರೆ ಅನ್ನಿಸ್ತು. ನಾನೇ ಎದ್ದು ಬಾಗಿಲು ಹಾಕಿದೆಯಾ ಅಂತ ನೋಡ್ಕೊಂಡೆ.”

“ಸುಭಾನಲ್ಲಾ, ಅದೇನು ದನಿ ಅಮ್ಮಾ!” ಎಂದ ರಸೂಲ್. “ಎರಡು ಸಲ ತಾಳದ ಸಮ್ಮೇ ಮರೆತೆ ನಾನು.”

“ಗೊತ್ತಾಯ್ತು. ನಾನೇ ಕೆಮ್ಮಿ ಮುಚ್ಚಿದೆ.” ಅವಳು ಷಣ್ಮುಖಪ್ಪನ ಕಡೆ ತಿರುಗಿದಳು. “ನೀವು ನಾಲ್ಕಕ್ಕೇ ಯಾಕೆ ನಿಲ್ಲಿಸಿದ್ರಿ?”

“ಹೆದರಿಕೆ. ನಿಮಗೆ ಗೊತ್ತಾಗುತ್ತೆ ಅಂತ.”

“ಹೇಡಿ.”

“ಹ್ಞೂಂ.”

ಅವಳು ಮಿಕ್ಕ ದೋಸೆಯನ್ನು ಮುಗಿಸಿದಳು. ಸಿಟ್ಟು ಪೂರ್ತಿ ಹೋಗಿರಲಿಲ್ಲ. ಅದು ಹೋಗಲು ಕಾಲ ಬೇಕು, ಹೋಗಲಿ ಎಂದು ಅವಸರ ಮಾಡಬಾರದು ಎಂಬುದು ಷಣ್ಮುಖಪ್ಪನಿಗೆ ತಿಳಿದಿತ್ತು.

“ಮುಂದಿನ ತಿಂಗಳು ಫೌಂಡ್ರಿಯವರ ನಾಟಕ ಇದೆ,” ಎಂದಳು. “ಕರಿ ಮೂರರಲ್ಲೇ ನುಡಿಸಿ. ಅವರ ನಾಟಕದ ಮ್ಯಾನೇಜರಿಗೆ ನಾನೇ ಹೇಳ್ತೀನಿ.”

“ಜಯಶೀಲಾ ದನಿ ಇಳೀತು ಅಂತಾರೆ ಜನ.”

“ಇಳಿದಿದೆಯಲ್ಲ. ಇಳಿದು ಚೆನ್ನಾಗಿದೆ. ಹಾಗಂತಲೇ ಹೇಳ್ತೀನಿ.” ಲೋಟದ ಕಾಫಿ ಕುಡಿದಿಟ್ಟಳು. “ಇನ್ನು ಮುಂದೆ ಏನಾದ್ರೂ ಕೇಳಿಸಿದ್ರೆ ಮೊದಲು ನನಗೆ ಹೇಳಬೇಕು. ಬೈತೀನಿ. ಬೈಸಿಕೊಳ್ಳಿ. ಒಪ್ಪಿಗೆಯಾದ್ರೆ ಪೆಟ್ಟಿಗೆ ಸಂಜೆ ಬಂದು ತಗೊಂಡು ಹೋಗಿ.”

“ಒಪ್ಪಿಗೆ.”

ಆಮೇಲೆ ಅವಳಿಗೆ ಏನೋ ಹೊಳೆದಂತಾಯಿತು.

“ಅಯ್ಯೋ, ನೀವು ಕೇಳಲೇ ಇಲ್ಲ ಅಲ್ವಾ ಮೇಷ್ಟ್ರೇ?”

“ಗಾಜಿನಲ್ಲಿ ನೋಡಿದೆ.”

“ನೋಡೋದೇನು ಬಂತು, ಕರ್ಮ.”

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಸುತ್ತ ಒಮ್ಮೆ ನೋಡಿ, ತೀರಾ ಸಣ್ಣ ದನಿಯಲ್ಲಿ ಅನುಪಲ್ಲವಿಯನ್ನು ಎತ್ತಿಕೊಂಡಳು. ರಸೂಲ್ ಸಾಬನ ಬೆರಳು ತಾನಾಗಿಯೇ ಮೇಜಿನ ಅಂಚಿಗೆ ಹೋಯಿತು. ಷಣ್ಮುಖಪ್ಪ ಅವನ ಕೈಯ ಮೇಲೆ ತನ್ನ ಕೈ ಇಟ್ಟು ನಿಲ್ಲಿಸಿದ. ದನಿ ಮೇಲಕ್ಕೆ ಹೋಯಿತು. ಹತ್ತುವ ಸದ್ದೇ ಇರಲಿಲ್ಲ. ದೀಪ ದೊಡ್ಡದು ಮಾಡಿದಾಗ ಬೆಳಕು ಹಬ್ಬುವಂತೆ ಹೋಗಿ ಮೇಲೆ ನಿಂತಿತು. ಮಾಣಿ ಲೋಟಗಳನ್ನು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲೇ ನಿಂತ. ಷಣ್ಮುಖಪ್ಪನಿಗೆ ಹಿಂಬಾಲಿಸಬೇಕಾದ್ದು ಏನೂ ಇರಲಿಲ್ಲ, ಮುಚ್ಚಬೇಕಾದ್ದೂ ಇರಲಿಲ್ಲ. ಬಾಯಿಗೆ ಪಂಚೆಯ ಅಂಚು ಒತ್ತಿಕೊಂಡು ಕೇಳುತ್ತಾ ಕೂತ.

ಹೊರಗೆ ಬಸ್ಸು ಬಂದು ನಿಂತು, “ಶಿವಮೊಗ್ಗ, ಶಿವಮೊಗ್ಗ!” ಎಂದು ಕಂಡಕ್ಟರು ಎರಡು ಸಲ ಕೂಗಿದ. ಮೂವರಲ್ಲಿ ಯಾರೂ ಏಳಲಿಲ್ಲ. ಬಸ್ಸು ಹೊರಟುಹೋಯಿತು.